ಅಡುಗೆಮನೆಯ ಔಷಧಿಗೂ ಅಳತೆ ಬೇಕು

ಕಳೆದ ಮಳೆಗಾಲದಲ್ಲಿ ಐವತ್ತೈದರ ಆಸುಪಾಸಿನ ತಾಯಿಯೊಬ್ಬರು ಮಗನ ಜೊತೆ ನನ್ನ ಕ್ಲಿನಿಕ್‌ಗೆ ಬಂದರು. ಕಾಲು ಊದಿಕೊಂಡಿತ್ತು. ಸುಸ್ತು, ತಲೆನೋವು. ರಕ್ತದೊತ್ತಡ 180/100 ಇತ್ತು. ಬಿಪಿ ಮಾತ್ರೆಯನ್ನು ಒಂದು ದಿನವೂ ತಪ್ಪಿಸಿಲ್ಲ ಎಂದರು. ಬೇರೇನು ಸೇವಿಸುತ್ತೀರಿ ಎಂದು ಕೇಳಿದಾಗ ವಿಷಯ ತಿಳಿಯಿತು. ಒಣಕೆಮ್ಮಿಗೆಂದು ಶುರು ಮಾಡಿದ ಅತಿಮಧುರದ ಕಷಾಯವನ್ನು ಕೆಮ್ಮು ಹೋದ ಮೇಲೂ ಮೂರು ತಿಂಗಳಿನಿಂದ ದಿನಕ್ಕೆ ಎರಡು ಲೋಟ ಕುಡಿಯುತ್ತಿದ್ದರು.

“ಅದು ಬರೀ ಬೇರು ತಾನೆ ಹಕೀಂ ಸಾಹೇಬ್ರೇ, ಅದರಿಂದ ಏನಾಗುತ್ತೆ?” ಎಂದು ಕೇಳಿದರು.

ಆ ಕಷಾಯವನ್ನು ಅವರ ಸೊಸೆಗೆ ಹೇಳಿಕೊಟ್ಟಿದ್ದವನು ನಾನೇ. ಐದು ದಿನ ಸಾಕು ಎಂದು ಬಾಯಲ್ಲಿ ಹೇಳಿದ್ದೆ, ಚೀಟಿಯಲ್ಲಿ ಬರೆದಿರಲಿಲ್ಲ. ಅತಿಮಧುರವನ್ನು ಹೆಚ್ಚು ದಿನ ಸೇವಿಸಿದರೆ ದೇಹದಲ್ಲಿ ಉಪ್ಪು, ನೀರು ನಿಲ್ಲುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ, ಬಿಪಿ ಏರುತ್ತದೆ. ರಕ್ತಪರೀಕ್ಷೆಯಲ್ಲಿ ಅದೇ ಕಂಡಿತು. ಕಷಾಯ ನಿಲ್ಲಿಸಿ, ಫಿಸಿಶಿಯನ್ ಬಳಿ ಚಿಕಿತ್ಸೆ ಪಡೆದ ಕೆಲವು ವಾರಗಳಲ್ಲಿ ಅವರು ಚೇತರಿಸಿಕೊಂಡರು.

ಗಿಡಮೂಲಿಕೆಯಿಂದ ಹಾನಿಯೇ ಇಲ್ಲ ಎಂದು ಯುನಾನಿ ವೈದ್ಯಪದ್ಧತಿ ಎಂದೂ ಹೇಳಿಲ್ಲ. ನಮ್ಮ ಔಷಧ ಗ್ರಂಥಗಳಲ್ಲಿ ಪ್ರತಿಯೊಂದು ಮೂಲಿಕೆಯ ಗುಣದ ಪಕ್ಕದಲ್ಲೇ ಅದರ ಹಾನಿ (ಮುಜಿರ್), ಆ ಹಾನಿಯನ್ನು ತಗ್ಗಿಸುವ ವಸ್ತು (ಮುಸ್ಲಿಹ್) ಮತ್ತು ಸೇವಿಸುವ ಪ್ರಮಾಣವನ್ನು ಬರೆದಿರುತ್ತಾರೆ. ಆದ್ದರಿಂದ ಮನೆಮದ್ದು ಮಾಡುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳಿ: ಎಷ್ಟು? ಎಷ್ಟು ದಿನ? ಯಾರಿಗೆ?

ನೆಗಡಿ, ಕೆಮ್ಮಿಗೆ ಜೋಶಾಂದ

ಉನ್ನಾಬ್ 5 ಹಣ್ಣು, ಸಪಿಸ್ತಾನ್ (ಒಣಗಿದ ಚಳ್ಳೆಹಣ್ಣು) 9, ಬಿಹಿದಾನ 3 ಗ್ರಾಂ. ಗ್ರಂಥಿಗೆ ಅಂಗಡಿಯಲ್ಲಿ ಸಿಗುತ್ತವೆ. 250 ಮಿ.ಲೀ. ನೀರಿನಲ್ಲಿ ಅರ್ಧಕ್ಕೆ ಇಳಿಯುವವರೆಗೆ ಕುದಿಸಿ, ಸೋಸಿ, ಬೆಚ್ಚಗೆ ಕುಡಿಯಬೇಕು. ಬಿಹಿದಾನದ ಬೀಜವನ್ನು ಜಜ್ಜಬಾರದು. ಇದು ದೊಡ್ಡವರ ಪ್ರಮಾಣ, ಮೂರರಿಂದ ಐದು ದಿನ ಸಾಕು. ಅತಿಮಧುರ ಸೇರಿಸುವುದಿದ್ದರೆ ಒಂದು ಸಣ್ಣ ತುಂಡು ಮಾತ್ರ. ಬಿಪಿ, ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರಿಗೂ ಗರ್ಭಿಣಿಯರಿಗೂ ಅತಿಮಧುರ ಬೇಡ.

ಕರಿಜೀರಿಗೆ (ಕಲೌಂಜಿ)

ಹದೀಸ್‌ನಲ್ಲಿ ಇದರ ಮಹತ್ವ ಬಂದಿರುವುದರಿಂದ ನಮ್ಮ ಮನೆಗಳಲ್ಲಿ ಇದಕ್ಕೆ ವಿಶೇಷ ಸ್ಥಾನವಿದೆ. ಹೊಟ್ಟೆಯುಬ್ಬರ, ಅಜೀರ್ಣ, ಕಫಕ್ಕೆ ಇದನ್ನು ಬಳಸುತ್ತಾ ಬಂದಿದ್ದಾರೆ. ದಿನಕ್ಕೆ 1 ಗ್ರಾಂ, ಅಂದರೆ ಅರ್ಧ ಚಮಚಕ್ಕಿಂತ ಕಡಿಮೆ ಪುಡಿ, ಜೇನಿನ ಜೊತೆ ಸಾಕು. ಇದು ಉಷ್ಣ ಗುಣದ್ದು. ಪಿತ್ತದ ಪ್ರಕೃತಿಯವರಿಗೆ ಹೊಟ್ಟೆ ಉರಿಯಬಹುದು. ಗರ್ಭಿಣಿಯರು ಔಷಧಿಯ ಪ್ರಮಾಣದಲ್ಲಿ ಸೇವಿಸಬಾರದು.

ಇದನ್ನು ನಂಬಿ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ನಿಲ್ಲಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮಾತ್ರೆಯ ಜೊತೆ ಹೆಚ್ಚಾಗಿ ಸೇವಿಸಿದರೆ ಸಕ್ಕರೆ ವಿಪರೀತ ಇಳಿಯಲೂಬಹುದು. ಚಿಕಿತ್ಸೆ ಪಡೆಯಿರಿ ಎಂದು ಕಲಿಸಿದವರೂ ಪ್ರವಾದಿಯವರೇ (ಸ) ಎಂಬುದನ್ನು ಮರೆಯಬಾರದು. ಅಂಗಡಿಯಲ್ಲಿ ಕೇಳುವಾಗಲೂ ಎಚ್ಚರವಿರಲಿ. ಕಲೌಂಜಿ, ಶಾಹಿ ಜೀರಾ, ಕಹಿಯಾದ ಕಾಡುಜೀರಿಗೆ ಮೂರೂ ಬೇರೆ ಬೇರೆ.

ಮಲಬದ್ಧತೆಗೆ

ಇಸಬ್‌ಗೋಲ್ ಮೊದಲ ಆಯ್ಕೆ. ರಾತ್ರಿ 5 ಗ್ರಾಂ ಸಿಪ್ಪೆಯನ್ನು ಒಂದು ದೊಡ್ಡ ಲೋಟ ನೀರಿನಲ್ಲಿ ಕಲಸಿ ತಕ್ಷಣ ಕುಡಿಯಬೇಕು. ನೀರು ಕಡಿಮೆಯಾದರೆ ಗಂಟಲಲ್ಲೇ ಉಬ್ಬಿ ಸಿಕ್ಕಿಕೊಳ್ಳಬಹುದು. ನುಂಗಲು ಕಷ್ಟಪಡುವ ವೃದ್ಧರಿಗೆ ಕೊಡಬೇಡಿ. ಬೇರೆ ಮಾತ್ರೆಗಳಿಗೂ ಇದಕ್ಕೂ ಒಂದು ಗಂಟೆ ಅಂತರವಿರಲಿ.

ಸನಾ (ಸೋನಾಮುಖಿ) ಎಲೆ ತೀಕ್ಷ್ಣವಾದದ್ದು. ಹೊಟ್ಟೆ ನುಲಿಯುತ್ತದೆ ಎಂದೇ ಹಕೀಮರು ಅದಕ್ಕೆ ಗುಲಾಬಿ ಎಸಳು ಸೇರಿಸುತ್ತಿದ್ದರು. ಎರಡು ಮೂರು ದಿನಕ್ಕಿಂತ ಹೆಚ್ಚು ಬೇಕಾದರೆ ವೈದ್ಯರನ್ನು ಕೇಳಿ. ತಿಂಗಳುಗಟ್ಟಲೆ ಕುಡಿದರೆ ಕರುಳು ಅದಿಲ್ಲದೆ ಕೆಲಸ ಮಾಡದಂತಾಗಬಹುದು. ಗರ್ಭಿಣಿಯರಿಗೂ ಮಕ್ಕಳಿಗೂ ಬೇಡ.

ಹಸುಗೂಸುಗಳಿಗೆ ಜೇನು ಬೇಡ

ಒಂದು ವರ್ಷ ತುಂಬದ ಮಗುವಿನ ಬಾಯಿಗೆ ಜೇನು ಸವರಬೇಡಿ. ಅದರಲ್ಲಿರಬಹುದಾದ ಬೊಟುಲಿನಂ ಎಂಬ ಸೂಕ್ಷ್ಮಾಣು ಮಗುವಿನ ಕರುಳಲ್ಲಿ ಬೆಳೆದು ವಿಷ ಉಂಟುಮಾಡಬಹುದು. ಸ್ನಾಯುಗಳು ಸೋತು ಉಸಿರಾಟಕ್ಕೇ ತೊಂದರೆಯಾದೀತು. ಕುದಿಸಿದರೂ ಆ ಸೂಕ್ಷ್ಮಾಣುವಿನ ಬೀಜಕಗಳು ಸುಲಭವಾಗಿ ಸಾಯುವುದಿಲ್ಲ. ತಹ್ನೀಕ್ ಮಾಡುವವರು ಖರ್ಜೂರದ ತೆಳು ರಸವನ್ನು ಬೆರಳ ತುದಿಯಲ್ಲಿ ಸ್ವಲ್ಪವೇ ಸವರಲಿ. ಅದಕ್ಕೂ ಮೊದಲು ಕೈಯನ್ನು ಸೋಪಿನಿಂದ ಚೆನ್ನಾಗಿ ತೊಳೆಯಲಿ.

ಯಾವಾಗ ಕಷಾಯ ಸಾಲದು?

ಎರಡು ವಾರ ದಾಟಿದ ಕೆಮ್ಮು, ಕಫದಲ್ಲಿ ರಕ್ತ, ಮೂರು ದಿನಕ್ಕೂ ಇಳಿಯದ ಜ್ವರ, ಉಸಿರಾಟದ ತೊಂದರೆ, ಮಲದಲ್ಲಿ ರಕ್ತ: ಇವುಗಳಲ್ಲಿ ಯಾವುದಿದ್ದರೂ ಮನೆಮದ್ದಿನಲ್ಲಿ ಸಮಯ ಕಳೆಯದೆ ಆಸ್ಪತ್ರೆಗೆ ಹೋಗಿ. ಅಲ್ಲಿ ನೀವು ಸೇವಿಸುತ್ತಿರುವ ಕಷಾಯ, ಪುಡಿ, ಎಣ್ಣೆಗಳ ಹೆಸರನ್ನೂ ಹೇಳಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಹೇಳಲೇಬೇಕು.

ಈಗ ನಾನು ಪ್ರತಿ ಚೀಟಿಯ ಕೊನೆಯಲ್ಲಿ ಎಷ್ಟು ದಿನ ಎಂಬುದನ್ನು ಬರೆದು ಅಡಿಗೆರೆ ಎಳೆಯುತ್ತೇನೆ. ನೀವೂ ಮೂಲಿಕೆಯ ಡಬ್ಬಿಗಳ ಮೇಲೆ ಹೆಸರು, ಪ್ರಮಾಣ, ದಿನ, ಯಾರಿಗೆ ಬೇಡ ಎಂಬುದನ್ನು ಬರೆದು ಅಂಟಿಸಿ. ಅಲ್ಲಾಹನು ನಮ್ಮೆಲ್ಲರಿಗೂ ಆರೋಗ್ಯ ಕರುಣಿಸಲಿ.