ಖ್ಯಾತರ ಸಂದರ್ಶನ: ನಂಬಿದ್ದೆಷ್ಟು, ನಿಜವೆಷ್ಟು?

ನಂಬಿಕೆ: ಉದ್ಧರಣ ಚಿಹ್ನೆಯೊಳಗೆ ಅಚ್ಚಾದದ್ದೆಲ್ಲ ಆ ವ್ಯಕ್ತಿ ಆಡಿದ ಮಾತೇ.

ಕ್ಯಾರವಾನಿನಲ್ಲಿ ಕೂತ ನಟರೊಬ್ಬರು ಟಚಪ್ ಮಾಡಿಸಿಕೊಳ್ಳುತ್ತಲೇ ಹೇಳುತ್ತಾರೆ: "ಕ್ಯಾರೆಕ್ಟರ್ ಸ್ವಲ್ಪ ಚಾಲೆಂಜಿಂಗ್ ಇತ್ತು ಸರ್, ಬಟ್ ಡೈರೆಕ್ಟರ್ ಸಪೋರ್ಟ್ ಮಾಡಿದ್ರು, ಹಂಗಾಗಿ ಮ್ಯಾನೇಜ್ ಆಯ್ತು." ಭಾನುವಾರದ ಪುರವಣಿಗೆ ಬರುವಷ್ಟರಲ್ಲಿ ಅದು "ಪಾತ್ರ ಸವಾಲಿನದಾಗಿತ್ತು. ನಿರ್ದೇಶಕರ ಬೆಂಬಲದಿಂದ ನಿಭಾಯಿಸಿದೆ" ಎಂದಾಗಿರುತ್ತದೆ. ಮುಕ್ಕಾಲು ಗಂಟೆಯ ಮಾತನ್ನು ಅರ್ಧ ಪುಟಕ್ಕೆ ಇಳಿಸುವವರು ಇಷ್ಟನ್ನಾದರೂ ಮಾಡಲೇಬೇಕು, ಇದರಲ್ಲಿ ಮೋಸವೇನಿಲ್ಲ. ‘ದಿ ನ್ಯೂಯಾರ್ಕರ್’ ವಿರುದ್ಧ ಮನೋವಿಶ್ಲೇಷಕ ಜೆಫ್ರಿ ಮ್ಯಾಸನ್ ಹೂಡಿದ್ದ ಮಾನನಷ್ಟ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 1991ರಲ್ಲಿ ಗೆರೆ ಎಳೆದದ್ದೂ ಇಲ್ಲಿಯೇ. ಪದ ಬದಲಾದ ಮಾತ್ರಕ್ಕೆ ತಪ್ಪಲ್ಲ, ಅರ್ಥವೇ ಗಣನೀಯವಾಗಿ ಬದಲಾದರೆ ತಪ್ಪು.

ಆ ಗೆರೆಯನ್ನು ಹಾರಿಯೇ ಹೋದವರೂ ಇದ್ದಾರೆ. ಸ್ವಿಟ್ಜರ್ಲೆಂಡಿನ ಟಾಮ್ ಕುಮ್ಮರ್ ಹಾಲಿವುಡ್ ತಾರೆಯರ ಕಟ್ಟುಕಥೆಯ ಸಂದರ್ಶನಗಳನ್ನು ಜರ್ಮನ್ ಪತ್ರಿಕೆಗೆ ಬರೆದುಕೊಡುತ್ತಿದ್ದದ್ದು 2000ದಲ್ಲಿ ಬಯಲಾಯಿತು. 2023ರಲ್ಲಿ ಜರ್ಮನಿಯ ವಾರಪತ್ರಿಕೆಯೊಂದು ಕಾರ್ ರೇಸ್ ಚಾಂಪಿಯನ್ ಮೈಕೆಲ್ ಶೂಮಾಕರ್ ಅವರ ‘ಮೊದಲ ಸಂದರ್ಶನ’ ಎಂದು ಮುಖಪುಟದಲ್ಲೇ ಸಾರಿತು. 2013ರ ಸ್ಕೀಯಿಂಗ್ ಅಪಘಾತದ ನಂತರ ಅವರು ಹೊರಜಗತ್ತಿಗೆ ಕಾಣಿಸಿಕೊಂಡೇ ಇರಲಿಲ್ಲ. ಉತ್ತರಗಳನ್ನು ಹೊಸೆದದ್ದು ಎಐ. ಪ್ರಕಾಶಕರು ಸಂಪಾದಕಿಯನ್ನು ವಜಾ ಮಾಡಿ, ಕುಟುಂಬದ ಕ್ಷಮೆ ಕೇಳಿದರು.

ನಂಬಿಕೆ: ಗದರಿಸಿ ಕೇಳಿದರಷ್ಟೇ ನಿಜ ಹೊರಬರುತ್ತದೆ.

ನಮ್ಮ ಮೇಲುಕೋಟೆಯಲ್ಲಿ ಹುಟ್ಟಿದ ಜಯಲಲಿತಾ ಅವರ ಎರಡು ಸಂದರ್ಶನಗಳನ್ನು ಒಂದರ ಹಿಂದೆ ಒಂದು ನೋಡಿ. 1999ರಲ್ಲಿ ಸಿಮಿ ಗರೇವಾಲ್ ಎದುರು ಅವರು ಅಮ್ಮನಿಂದ ದೂರವಾಗಿ ಕಳೆದ ಬಾಲ್ಯದ ಬಗ್ಗೆ ಹೇಳಿಕೊಂಡರು, ಕ್ರಿಕೆಟಿಗ ನಾರಿ ಕಾಂಟ್ರಾಕ್ಟರ್ ಮೇಲಿದ್ದ ಹುಡುಗಿಗಾಲದ ಮೋಹವನ್ನು ನಗುತ್ತಾ ಒಪ್ಪಿಕೊಂಡರು, ಹಳೆಯ ಹಿಂದಿ ಹಾಡೊಂದನ್ನು ಗುನುಗಿದರು. 2004ರಲ್ಲಿ ಬಿಬಿಸಿಗಾಗಿ ಎದುರು ಕೂತವರು ಕರಣ್ ಥಾಪರ್. ಲೋಕಸಭಾ ಚುನಾವಣೆಯಲ್ಲಿ ಪಕ್ಷ ಸೋತ ಮೇಲೆ ಮುಖ್ಯಮಂತ್ರಿಯಾಗಿ ಹಿಂತೆಗೆದುಕೊಂಡ ನಿರ್ಧಾರಗಳು, ಜ್ಯೋತಿಷ್ಯದ ಮೇಲಿನ ನಂಬಿಕೆ ಎಂದು ಥಾಪರ್ ಒಂದೇ ಸಮನೆ ಪ್ರಶ್ನೆ ಎಸೆದರು. ನಿಮ್ಮ ಜೊತೆ ಮಾತಾಡಿದ್ದು ಸಂತೋಷ ಕೊಡಲಿಲ್ಲ ಎಂದು ಮುಖಕ್ಕೇ ಹೇಳಿ, ನಮಸ್ತೆ ಎಂದು ಜಯಲಲಿತಾ ಮಾತು ಮುಗಿಸಿದರು.

ಎರಡನೆಯದೇ ‘ನಿಜವಾದ ಪತ್ರಿಕೋದ್ಯಮ’ ಎನ್ನುವವರು ಬಹಳ ಮಂದಿ. ನನಗೆ ಹಾಗೆ ಅನ್ನಿಸುವುದಿಲ್ಲ. ಜಯಲಲಿತಾ ಅವರ ಜೀವನಚರಿತ್ರೆ ಬರೆಯುವವರಿಗೆ ಬೇಕಾದದ್ದು ಮೊದಲನೆಯದರಲ್ಲಿದೆ, ಮತದಾರರಿಗೆ ಬೇಕಾದದ್ದು ಎರಡನೆಯದರಲ್ಲಿ. ಸಲಿಗೆಯ ಮಾತಿನಲ್ಲಿ ಅಧಿಕಾರದ ಲೆಕ್ಕ ಕೇಳಲಾಗುವುದಿಲ್ಲ. ಜಟಾಪಟಿಯಾದರೆ ಜನರಿಗೆ ಜಗಳ ನೆನಪಿರುತ್ತದೆ, ಉತ್ತರ ಮರೆತುಹೋಗುತ್ತದೆ.

ನಂಬಿಕೆ: ದೊಡ್ಡವರ ಸಂದರ್ಶನ ಸಿಕ್ಕಿದರೆ ಸಾಕು, ಹೇಗೆ ಸಿಕ್ಕಿತು ಎನ್ನುವುದು ಮುಖ್ಯವಲ್ಲ.

1995ರ ನವೆಂಬರ್ 20ರಂದು ಬಿಬಿಸಿಯ ‘ಪನೋರಮಾ’ದಲ್ಲಿ ರಾಜಕುಮಾರಿ ಡಯಾನಾ ತಮ್ಮ ದಾಂಪತ್ಯದ ಬಿರುಕನ್ನು ಬಿಚ್ಚಿಟ್ಟದ್ದನ್ನು ಬ್ರಿಟನ್‌ನಲ್ಲಿ ಎರಡು ಕೋಟಿಗೂ ಹೆಚ್ಚು ಜನ ನೋಡಿದರು. ಸಂದರ್ಶಿಸಿದ ಮಾರ್ಟಿನ್ ಬಷೀರ್ ರಾತ್ರಿ ಬೆಳಗಾಗುವುದರಲ್ಲಿ ಪ್ರಸಿದ್ಧರಾದರು. ಆದರೆ ಅವರು ಡಯಾನಾ ತನಕ ಹೋದ ದಾರಿ ಬೇರೆಯೇ ಇತ್ತು. ನಕಲಿ ಬ್ಯಾಂಕ್ ಸ್ಟೇಟ್‌ಮೆಂಟುಗಳನ್ನು ಗ್ರಾಫಿಕ್ ಕಲಾವಿದರೊಬ್ಬರಿಂದ ಮಾಡಿಸಿ, ಅವನ್ನು ಡಯಾನಾ ಅವರ ತಮ್ಮ ಅರ್ಲ್ ಸ್ಪೆನ್ಸರ್‌ಗೆ ತೋರಿಸಿದ್ದರು. ಸುತ್ತಲಿನವರು ದುಡ್ಡು ತಿಂದು ಸುದ್ದಿ ಮಾರುತ್ತಿದ್ದಾರೆ ಎಂದು ನಂಬಿಸಿ, ಅಕ್ಕನ ಪರಿಚಯ ಮಾಡಿಸಿಕೊಳ್ಳುವ ಉಪಾಯವದು. ಅನುಮಾನ ಎತ್ತಿದ ಆ ಕಲಾವಿದರಿಗೆ ಬಿಬಿಸಿಯಲ್ಲಿ ಕೆಲಸ ಸಿಗುವುದು ನಿಂತಿತು. 1996ರ ಒಳವಿಚಾರಣೆ ಬಷೀರ್ ಅವರನ್ನು ಪ್ರಾಮಾಣಿಕರೆಂದು ಬಿಟ್ಟುಬಿಟ್ಟಿತು. ನಿವೃತ್ತ ನ್ಯಾಯಮೂರ್ತಿ ಲಾರ್ಡ್ ಡೈಸನ್ ವರದಿ ಬಂದು ಬಿಬಿಸಿ ಕ್ಷಮೆ ಕೇಳಿದ್ದು 2021ರಲ್ಲಿ. ಡಯಾನಾ ತೀರಿಕೊಂಡು ಆಗಲೇ ಎರಡು ದಶಕ ದಾಟಿತ್ತು.

ಡಯಾನಾ ಹೇಳಿದ್ದು ಸುಳ್ಳಾಗಿರಲಿಲ್ಲವಲ್ಲ ಎಂದು ಈಗಲೂ ವಾದಿಸುವವರಿದ್ದಾರೆ. ಮಾತು ನಿಜ ಇರಬಹುದು. ಭಯ ಹುಟ್ಟಿಸಿ ಆಡಿಸಿದ ಮಾತು ಎಂಬುದು ಮಾತ್ರ ನೋಡುಗರಿಗೆ ಗೊತ್ತಿರಲಿಲ್ಲ. ಸಂದರ್ಶನ ಎಂದರೆ ಇಬ್ಬರ ನಡುವಿನ ಒಪ್ಪಂದ. ಅದರ ಷರತ್ತು ತಿಳಿಯದೆ ಉಳಿಯುವವರು ಓದುಗರು. ನಮ್ಮಲ್ಲಿಯೂ ಸಿನಿಮಾ ಬಿಡುಗಡೆಯ ವಾರದಲ್ಲಿ ಪಿಆರ್‌ಓ ಪಕ್ಕದಲ್ಲೇ ಕೂತು "ಪರ್ಸನಲ್ ಕೇಳ್ಬೇಡಿ, ಸಿನಿಮಾ ಬಗ್ಗೆ ಮಾತ್ರ" ಎಂದಿರುತ್ತಾರೆ. ಅದನ್ನು ಕೊನೆಯಲ್ಲಿ ಒಂದು ಸಾಲಿನಲ್ಲಿ ಹಾಕಿದರೆ ಪತ್ರಿಕೆಗೇನೂ ನಷ್ಟವಿಲ್ಲ. ಹಾಕುವವರು ಕಡಿಮೆ.

ದುಡ್ಡಿನ ವಿಷಯವೂ ಹೀಗೆಯೇ. ಬ್ರಿಟಿಷ್ ಟಿವಿ ನಿರೂಪಕ ಡೇವಿಡ್ ಫ್ರಾಸ್ಟ್ 1977ರ ಸಂದರ್ಶನಕ್ಕಾಗಿ ಅಮೆರಿಕದ ಮಾಜಿ ಅಧ್ಯಕ್ಷ ರಿಚರ್ಡ್ ನಿಕ್ಸನ್‌ಗೆ 6 ಲಕ್ಷ ಡಾಲರ್ ಜೊತೆಗೆ ಲಾಭದಲ್ಲಿ ಪಾಲು ಕೊಟ್ಟಿದ್ದರು. ಚೆಕ್‌ಬುಕ್ ಪತ್ರಿಕೋದ್ಯಮ ಎಂದು ಬೈಸಿಕೊಂಡರು. ಆದರೂ ಅಮೆರಿಕದ ಜನರನ್ನು ನಾನು ನಿರಾಶೆಗೊಳಿಸಿದೆ ಎಂಬರ್ಥದ ಮಾತು ನಿಕ್ಸನ್ ಬಾಯಿಂದ ಹೊರಟದ್ದು ಅಲ್ಲಿಯೇ. ದುಡ್ಡು ಕೊಟ್ಟ ಸಂಗತಿ ಗುಟ್ಟಾಗಿರಲಿಲ್ಲ ಎಂಬುದು ನನ್ನ ಮಟ್ಟಿಗೆ ದೊಡ್ಡ ವ್ಯತ್ಯಾಸ.

ಇನ್ನೆರಡು ಸಣ್ಣ ತಪ್ಪು ಕಲ್ಪನೆಗಳಿವೆ. ಅಚ್ಚಿಗೆ ಮುಂಚೆ ಪ್ರತಿ ತೋರಿಸಲೇಬೇಕು ಎನ್ನುತ್ತಾರೆ. ಜರ್ಮನಿಯಲ್ಲಿ ಅದು ರೂಢಿ. ಭಾರತದಲ್ಲಿ ಅಂಥ ಹಕ್ಕೇನೂ ಇಲ್ಲ, ಅಂಕಿಅಂಶ, ಹೆಸರು ಖಚಿತಪಡಿಸಿಕೊಂಡರೆ ಸಾಕು. ಎಲ್ಲ ಹೇಳಿಬಿಟ್ಟು ಕೊನೆಗೆ "ಇದು ಆಫ್ ದ ರೆಕಾರ್ಡ್" ಎಂದರೂ ನಡೆಯುವುದಿಲ್ಲ. ಆ ಮಾತುಕತೆ ಮೊದಲೇ ಆಗಿರಬೇಕು, ಇಬ್ಬರೂ ಒಪ್ಪಿರಬೇಕು.

ನಂಬಿಕೆ: ಸೆಲೆಬ್ರಿಟಿ ಸಂದರ್ಶನ ಬರೀ ಟೈಂಪಾಸ್.

ಬೆಂಗಳೂರಿನಲ್ಲಿ ಬೆಳೆದ ದೀಪಿಕಾ ಪಡುಕೋಣೆ 2015ರಲ್ಲಿ ಟಿವಿ ಸಂದರ್ಶನದಲ್ಲಿ ತಮ್ಮ ಖಿನ್ನತೆಯ ಬಗ್ಗೆ ಹೇಳಿದಾಗ, ಮನೆಯಲ್ಲಿ ಯಾರೂ ಎತ್ತದ ಮಾತು ಊಟದ ಹೊತ್ತಿನ ಮಾತಾಯಿತು. ವೈದ್ಯರ ಹತ್ತು ಭಾಷಣಕ್ಕಿಂತ ಅದರ ಪರಿಣಾಮ ಜಾಸ್ತಿ ಎಂದರೆ ವೈದ್ಯರು ಬೇಸರಪಡಲಿಕ್ಕಿಲ್ಲ. 2019ರ ಜನವರಿಯಲ್ಲಿ ಪ್ರಸಾರವಾದ ‘ಕಾಫಿ ವಿತ್ ಕರಣ್’ ಸೋಫಾದ ಹರಟೆಯ ಕಥೆ ತದ್ವಿರುದ್ಧ. ಕ್ರಿಕೆಟಿಗ ಹಾರ್ದಿಕ್ ಪಾಂಡ್ಯ ಮಹಿಳೆಯರ ಬಗ್ಗೆ ಹಗುರವಾಗಿ ಮಾತಾಡಿದರು, ಜೊತೆಗಿದ್ದವರು ನಮ್ಮ ಕೆ.ಎಲ್. ರಾಹುಲ್. ಇಬ್ಬರೂ ಅಮಾನತಾಗಿ ಆಸ್ಟ್ರೇಲಿಯಾ ಪ್ರವಾಸದಿಂದ ವಾಪಸಾದರು. ಬಿಸಿಸಿಐ ಒಂಬುಡ್ಸ್‌ಮನ್ ತಲಾ 20 ಲಕ್ಷ ರೂಪಾಯಿ ದಂಡ ಹಾಕಿದರು. ಆ ಮಾತನ್ನು ಕತ್ತರಿಸದೆ ಪ್ರಸಾರ ಮಾಡಿದ ಕಾರ್ಯಕ್ರಮದ ಹೊಣೆ ಎಷ್ಟು ಎಂದು ದಂಡ ತೆತ್ತವರು ಕೇಳಿದ್ದರೆ ತಪ್ಪಾಗುತ್ತಿರಲಿಲ್ಲ.

ನಂಬಿಕೆ: ಪ್ರಸಿದ್ಧರಾದ ಮೇಲೆ ಖಾಸಗಿತನ ಎಲ್ಲಿಯದು?

ಡಾ. ರಾಜ್‌ಕುಮಾರ್ ಅವರನ್ನು 2000ದಲ್ಲಿ ವೀರಪ್ಪನ್ ಅಪಹರಿಸಿದಾಗ ಸಂಧಾನಕ್ಕೆಂದು ಕಾಡಿಗೆ ಹೋದ ‘ನಕ್ಕೀರನ್’ ಪತ್ರಿಕೆಯ ಗೋಪಾಲ್ ಎಲ್ಲರಿಗೂ ನೆನಪಿದ್ದಾರೆ. ಖಾಸಗಿತನದ ಕುರಿತ 1994ರ ರಾಜಗೋಪಾಲ್ ಪ್ರಕರಣದ ಅರ್ಜಿದಾರರೂ ಅವರೇ ಎಂಬುದು ಅಷ್ಟಾಗಿ ಗೊತ್ತಿಲ್ಲ. ಮದುವೆ, ಸಂಸಾರ, ಮಕ್ಕಳಂಥ ವಿಷಯಗಳನ್ನು ಒಪ್ಪಿಗೆಯಿಲ್ಲದೆ ಪ್ರಕಟಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಅದರಲ್ಲಿ ಹೇಳಿತು. ಜೊತೆಗೆ ವಿನಾಯಿತಿಗಳನ್ನೂ ಇಟ್ಟಿತು: ಸಾರ್ವಜನಿಕ ದಾಖಲೆಯಲ್ಲಿರುವುದು, ತಾವಾಗಿಯೇ ವಿವಾದಕ್ಕೆ ಇಳಿದವರದು. ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದೇ ಸಾರಿತು. ನಟ ಎಂದಾಕ್ಷಣ ಅದು ಕಳೆದುಹೋಗುವುದಿಲ್ಲ.

ಸಾವಿನ ಮನೆಯ ಗೇಟಿನಲ್ಲಿ "ಈಗ ಹೇಗನ್ನಿಸ್ತಿದೆ?" ಎಂದು ಮೈಕ್ ಹಿಡಿಯುವುದು ಮಾತ್ರ ನಿಂತಿಲ್ಲ. ದುಃಖದ ಗಳಿಗೆಯಲ್ಲಿ ಕ್ಯಾಮೆರಾ ನುಗ್ಗಿಸಬಾರದು ಎಂದು ಪ್ರೆಸ್ ಕೌನ್ಸಿಲ್ ನಿಯಮದಲ್ಲಿದೆ. ಆದರೆ ಛೀಮಾರಿ ಹಾಕುವುದು ಬಿಟ್ಟು ದಂಡ ವಿಧಿಸುವ ಅಧಿಕಾರ ಆ ಕೌನ್ಸಿಲ್‌ಗೆ ಇಲ್ಲ. ಟಿವಿ ವಾಹಿನಿಗಳಂತೂ ಅದರ ವ್ಯಾಪ್ತಿಗೇ ಬರುವುದಿಲ್ಲ.