ಕೂಸು ನೋಡುವ ಕೈಗೂ ತುಟ್ಟಿಭತ್ಯೆ ಬೇಡವೇ?



ಕಾಫಿ ಕೊಯ್ಲು, ಅಡಿಕೆ ಸುಲಿತ ಎರಡೂ ಒಟ್ಟಿಗೆ ತಲೆಯ ಮೇಲೆ ಬಂದು ಕೂರುವ ದಿನಗಳಲ್ಲಿ ನಾವೆಲ್ಲ ಆಳಿನ ಕೊರತೆಯ ಮಾತನ್ನೇ ಆಡುತ್ತೇವೆ. ಮೇಸ್ತ್ರಿ ಸರಿಯಿಲ್ಲ, ಜೀಪು ಕಳಿಸಿದರೂ ಜನ ಹತ್ತುವುದಿಲ್ಲ, ಎಲ್ಲರೂ ಪೇಟೆ ಸೇರಿದರು ಎಂಬ ದೂರುಗಳು ಸಂಘದ ಕಚೇರಿಯಲ್ಲಿ ದಿನವೂ ಕೇಳಿಬರುತ್ತವೆ. ಆದರೆ ಹಣ್ಣು ಕೊಯ್ಯಲು ಬರುವ ತಾಯಂದಿರ ಕೂಸುಗಳನ್ನು ಹಗಲೆಲ್ಲ ಯಾರು ನೋಡಿಕೊಳ್ಳುತ್ತಾರೆ, ಆ ಕೆಲಸಕ್ಕೆ ಅವರಿಗೆ ಏನು ಸಿಗುತ್ತದೆ ಎಂಬ ವಿಚಾರ ನಮ್ಮ ಯಾವ ಮಹಾಸಭೆಯಲ್ಲೂ ಬಂದದ್ದಿಲ್ಲ. 2023ರ ಜನವರಿಯಲ್ಲಿ ಅದು ತಾನಾಗಿಯೇ ಬಂದಿತು. ಆ ಸಂಗತಿಯನ್ನು, ಅದರಲ್ಲಿ ನಮ್ಮ ಪಾಲಿನ ತಪ್ಪನ್ನೂ ಸೇರಿಸಿ, ಇಲ್ಲಿ ನಿವೇದಿಸುತ್ತೇವೆ.

ನಮ್ಮೂರಿನ ಕೆಳಕೇರಿಯಲ್ಲಿ ಒಬ್ಬ ತಾಯಿ ಇದ್ದಾರೆ. ಅವರ ಮನೆಯಲ್ಲಿ ಬೆಳೆದ ಮಕ್ಕಳೆಲ್ಲ ಅವರನ್ನು ‘ದೊಡ್ಡಮ್ಮ’ ಎನ್ನುತ್ತಾರೆ. ಈಗ ಊರೇ ಹಾಗೆನ್ನುತ್ತದೆ. 2016ರಲ್ಲಿ ಅವರು ತಮ್ಮ ಮನೆಯ ಜಗಲಿ ಮತ್ತು ನಡುಮನೆಯಲ್ಲಿ ಕೂಲಿಗೆ ಹೋಗುವವರ ಮಕ್ಕಳನ್ನು ನೋಡಿಕೊಳ್ಳಲು ಶುರುಮಾಡಿದರು. ಜಗಲಿಗೆ ಬಿದಿರಿನ ತಡಿಕೆ ಕಟ್ಟಿಸಲು ಮತ್ತು ನಾಲ್ಕು ಚಾಪೆಗಳಿಗೆ ಸಂಘ ಸ್ವಲ್ಪ ಹಣ ಕೊಟ್ಟಿತ್ತು. ಆ ಸ್ವಲ್ಪ ಹಣದ ಬಲದಿಂದ, ಅವರ ದರವನ್ನು ನಿರ್ಧರಿಸುವ ಅಧಿಕಾರವೂ ನಮ್ಮದೇ ಎಂದು ನಾವು ಭಾವಿಸಿಕೊಂಡುಬಿಟ್ಟೆವು.

ದರ ದಿನಕ್ಕೆ ಕೂಸೊಂದಕ್ಕೆ 40 ರೂಪಾಯಿ. ಅಂಚೆ ಕಚೇರಿಯಲ್ಲಿ ಕೆಲಸ ಮಾಡುವ ಒಬ್ಬ ತಾಯಿ, ಶಾಲೆಯ ಒಬ್ಬ ಮೇಡಮ್ಮು ತಿಂಗಳಿಗೆ 1,000 ರೂಪಾಯಿ ಕೊಡುತ್ತಿದ್ದರು. ಬೆಳಿಗ್ಗೆ ಏಳೂವರೆಗೆ ಬಿಟ್ಟರೆ ಸಂಜೆ ಐದೂವರೆಗೆ ಕರೆದುಕೊಂಡು ಹೋಗಬೇಕು. ಹತ್ತು ಗಂಟೆಗೆ ರಾಗಿ ಸರಿ, ಮಧ್ಯಾಹ್ನ ಗಂಜಿ ಅಥವಾ ಅನ್ನ ಸಾರು, ಮೂರೂವರೆಗೆ ಹಾಲು. ನಡುವೆ ಜೋಲಿಯಲ್ಲಿ ಒಂದೆರಡು ಕೂಸು ಮಲಗಿರುತ್ತವೆ, ಉಳಿದವು ದೊಡ್ಡಮ್ಮನ ಸೆರಗು ಹಿಡಿದು ಹಿತ್ತಲಿಗೂ ಒಳಗೂ ಓಡಾಡುತ್ತಿರುತ್ತವೆ.

ಆ 40 ರೂಪಾಯಿ ಏಳು ವರ್ಷ ಅಲ್ಲಾಡಲಿಲ್ಲ.

ಅವರು ಕೇಳಲಿಲ್ಲವೆಂದಲ್ಲ. 2019ರ ಡಿಸೆಂಬರಿನಲ್ಲಿ ಸಂಘದ ಕಚೇರಿಗೆ ಬಂದು ಬಾಗಿಲ ಬಳಿ ನಿಂತು, “ಗೌಡ್ರೇ, ಐದು ರೂಪಾಯಿ ಜಾಸ್ತಿ ಮಾಡ್ಕೊಳ್ಳಾ?” ಎಂದು ಕೇಳಿದ್ದರು. ನಾವು, “ಕೊಯ್ಲು ಶುರುವಾಗಿದೆ ದೊಡ್ಡಮ್ಮ, ಈಗ ಬೇಡ, ಮುಂದಿನ ವರ್ಷ ನೋಡೋಣ” ಎಂದೆವು. ಮುಂದಿನ ವರ್ಷ ಕೊರೋನಾ ಬಂದಿತು. ತಿಂಗಳುಗಟ್ಟಲೆ ಅವರ ಮನೆಯಲ್ಲಿ ಒಂದು ಕೂಸೂ ಇರಲಿಲ್ಲ, ಒಂದು ರೂಪಾಯಿಯೂ ಇರಲಿಲ್ಲ. 2021ರಲ್ಲಿ ಮತ್ತೆ ಬಂದರು. ಆಗ ನಾವು, “ಈಗ ತಾನೆ ಜನ ಚೇತರಿಸಿಕೊಳ್ಳುತ್ತಿದ್ದಾರೆ” ಎಂದೆವು. ಮೂರನೆಯ ಸಲ ಅವರು ಬರಲಿಲ್ಲ. ಕೇಳುವವರು ಬರದಿದ್ದರೆ ಸಮಸ್ಯೆ ತೀರಿತೆಂದು ತಿಳಿಯುವುದು ಕಾರ್ಯದರ್ಶಿಗಳ ಹಳೆಯ ಕಾಯಿಲೆ.

2023ರ ಸಂಕ್ರಾಂತಿಯ ಮರುದಿನ, ಸೋಮವಾರ, ರೋಬಸ್ಟಾ ಹಣ್ಣು ಗಿಡದಲ್ಲಿ ತುಂಬಿ ನಿಂತಿದ್ದಾಗ ದೊಡ್ಡಮ್ಮನ ಮನೆ ಬಾಗಿಲು ಮುಚ್ಚಿತ್ತು. ಅವರು ಕುಕ್ಕೆ ಹಿಡಿದು ಪಕ್ಕದೂರಿನ ತೋಟಕ್ಕೆ ಹಣ್ಣು ಕೊಯ್ಯಲು ಹೋಗಿದ್ದರು. ನಮ್ಮ ಕಡೆಗೆ ಬರಬೇಕಾಗಿದ್ದ ಹೆಂಗಸರಲ್ಲಿ ನಾಲ್ವರು ಮನೆಗೆ ಹಿಂತಿರುಗಿದರು. ಇಬ್ಬರು ಕೂಸುಗಳನ್ನು ಕಂಕುಳಲ್ಲಿಟ್ಟುಕೊಂಡೇ ತೋಟಕ್ಕೆ ಬಂದರು. ಹನ್ನೊಂದು ಗಂಟೆಯ ಹೊತ್ತಿಗೆ ಅದರಲ್ಲೊಂದು ಮಗು, ಎರಡು ವರ್ಷದ್ದು, ಕಾಣಲಿಲ್ಲ. ಅದು ಸಿಕ್ಕಿದ್ದು ನಮ್ಮ ಪಲ್ಪರ್ ಮನೆಯ ಹಿಂದೆ, ನೀರು ತುಂಬಿದ ತೊಟ್ಟಿಯ ಕಟ್ಟೆಗೆ ಎದೆಯೂರಿ, ತೇಲುತ್ತಿದ್ದ ಜೊಳ್ಳು ಹಣ್ಣಿಗೆ ಕೈಚಾಚುತ್ತಿದ್ದಾಗ. ಕಣದಲ್ಲಿದ್ದ ಆಳು ಓಡಿಹೋಗಿ ಎತ್ತಿಕೊಂಡ. ಏನೂ ಆಗಲಿಲ್ಲ. ಆದರೆ ಆ ದಿನ ನಮಗೆ ಊಟ ಸೇರಲಿಲ್ಲ.

ಸಂಜೆ ನಾವು ದೊಡ್ಡಮ್ಮನ ಮನೆಗೆ ಹೋದೆವು. ಅವರು ಬೈಯಲಿಲ್ಲ. “ಮಕ್ಕಳ ಮೇಲೆ ನಂಗೇನು ಕೋಪ ಇಲ್ಲ ಗೌಡ್ರೇ. ಹಣ್ಣು ಕುಯ್ದ್ರೆ ನಂಗೂ ನಾನೂರು ಸಿಗ್ತದೆ. ಇಲ್ಲಿ ಕೂತ್ರೆ ನೂರಿಪ್ಪತ್ತು. ಲೆಕ್ಕ ನೀವೇ ಹಾಕಿ” ಎಂದರು. ನಾವು ಪದವಿ ಪಡೆದವರು, ಸಂಘದ ಲೆಕ್ಕಪತ್ರ ಬರೆಯುವವರು. ಆದರೂ ಈ ಲೆಕ್ಕವನ್ನು ಅಲ್ಲಿಯವರೆಗೆ ಹಾಕಿರಲಿಲ್ಲ.

ಅಂದು ರಾತ್ರಿ ಹಾಕಿದ ಲೆಕ್ಕ ಹೀಗಿದೆ. ಹೆಸರಿಗೆ ಎಂಟು ಮಕ್ಕಳಾದರೂ ದಿನದ ಸರಾಸರಿ ಹಾಜರಿ ಆರು. ಸುಲಭವಾಗಲೆಂದು ಆರನ್ನೂ ದಿನಗೂಲಿ ದರಕ್ಕೇ ಹಿಡಿದೆವು: ದಿನಕ್ಕೆ 240 ರೂಪಾಯಿ. 2016ರಲ್ಲಿ ಹಾಲು, ರಾಗಿ, ಅಕ್ಕಿ, ಬೆಲ್ಲ, ಗ್ಯಾಸು, ಸೋಪು ಎಲ್ಲ ಸೇರಿ 65 ರೂಪಾಯಿ ಖರ್ಚಾಗಿ ಕೈಯಲ್ಲಿ 175 ಉಳಿಯುತ್ತಿತ್ತು. ಆಗ ನಮ್ಮ ತೋಟದ ಹಾಜರಿ ಪುಸ್ತಕದಲ್ಲಿ ಹೆಣ್ಣಾಳಿನ ದಿನಗೂಲಿ 250. ಅಂದರೆ ಹಣ್ಣು ಕೊಯ್ಯುವವಳ ಒಂದು ರೂಪಾಯಿಗೆ ಕೂಸು ನೋಡುವವಳಿಗೆ 70 ಪೈಸೆ. 2023ಕ್ಕೆ ಬನ್ನಿ. ಗ್ಯಾಸ್ ಸಿಲಿಂಡರು ಸಾವಿರ ದಾಟಿತ್ತು. ನಂದಿನಿ ಹಾಲು 2022ರ ನವೆಂಬರಿನಲ್ಲಿ ಲೀಟರಿಗೆ 39 ರೂಪಾಯಿ ಆಗಿತ್ತು. ಖರ್ಚು 115ಕ್ಕೆ ಏರಿತ್ತು, ಆದಾಯ ಅದೇ 240. ಉಳಿದದ್ದು 125, ಕೂಲಿ 400. ರೂಪಾಯಿಗೆ 31 ಪೈಸೆ. ದೊಡ್ಡಮ್ಮನ ಬಾಯಿಲೆಕ್ಕಕ್ಕೂ ನಮ್ಮ ಕಾಗದದ ಲೆಕ್ಕಕ್ಕೂ ಐದು ರೂಪಾಯಿಯ ವ್ಯತ್ಯಾಸ.

ಇನ್ನು ತಾಯಂದಿರ ಕಡೆಯಿಂದ ನೋಡೋಣ. 2016ರಲ್ಲಿ 250 ದುಡಿದವಳು 40 ಕೊಟ್ಟರೆ ಅದು ಕೂಲಿಯ ನೂರಕ್ಕೆ 16 ಭಾಗ. 2023ರಲ್ಲಿ 400ಕ್ಕೆ 40, ನೂರಕ್ಕೆ 10 ಭಾಗ. ಬಡ ತಾಯಂದಿರಿಗೆ ಹೊರೆಯಾಗುತ್ತದೆಂದು ನಾವು ತಡೆಹಿಡಿದ ದರ, ಯಾರೂ ತೀರ್ಮಾನಿಸದೆಯೇ ವರ್ಷ ವರ್ಷವೂ ಇಳಿಯುತ್ತ ಬಂದಿತ್ತು. ಇಳಿದದ್ದು ಇನ್ನೊಬ್ಬ ಬಡ ಹೆಂಗಸಿನ ಹೊಟ್ಟೆಯಿಂದ.

ನಮ್ಮ ಬೆಳೆಗಾರರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. 1975ರಲ್ಲಿ ಬ್ರೆಜಿಲಿನಲ್ಲಿ ಹಿಮ ಬಿದ್ದು ಜಗತ್ತಿನ ಕಾಫಿ ಬೆಲೆ ಏರಿದಾಗ ಪೂಲಿನಲ್ಲಿದ್ದ ನಮ್ಮ ಹಿರಿಯರು ಪಾಯಿಂಟಿಗೆ ಎಷ್ಟು ಕೊಟ್ಟರು, ಎಷ್ಟು ಉಳಿಸಿಕೊಂಡರು ಎಂದು ಎಷ್ಟು ವಾದ ಮಾಡಿದರೆಂಬುದು ಮನೆಮನೆಯ ಕಥೆ. 2024ರಲ್ಲಿ ರೋಬಸ್ಟಾ ಚೆರ್ರಿ 50 ಕಿಲೋ ಚೀಲಕ್ಕೆ ಹತ್ತು ಸಾವಿರ ಮುಟ್ಟಿದಾಗ ನಾವ್ಯಾರೂ ಹಳೆಯ ರೇಟಿಗೇ ಕೊಡುತ್ತೇವೆ ಎಂದು ಹೇಳಲಿಲ್ಲ. ಆದರೆ ಕೂಸು ನೋಡುವವರ ವಿಷಯ ಬಂದಾಗ ಮಾತ್ರ ‘ಅದೇನು ವ್ಯಾಪಾರವೇ, ಪ್ರೀತಿಯ ಕೆಲಸ’ ಎನ್ನುತ್ತೇವೆ. ಪ್ರೀತಿ ಇದೆ, ಒಪ್ಪೋಣ. ಗ್ಯಾಸಿನ ಅಂಗಡಿಯವನು ಅದನ್ನು ನಗದೆಂದು ತೆಗೆದುಕೊಳ್ಳುವುದಿಲ್ಲ.

ಈ ಕಸುಬಿನಲ್ಲಿ ಇನ್ನೊಂದು ಕಷ್ಟವಿದೆ, ಅದನ್ನು ಗಮನಿಸಬೇಕು. ಅಂಗಡಿಯವನಿಗೆ ಲಾಭ ಸಾಲದಿದ್ದರೆ ಹೆಚ್ಚು ಸಾಮಾನು ಮಾರಬಹುದು. ನಾವು ಇನ್ನೊಂದು ಎಕರೆಗೆ ಗಿಡ ಹಾಕಬಹುದು. ಒಬ್ಬ ಹೆಂಗಸಿಗೆ ಇರುವುದು ಎರಡೇ ಕೈ, ಎರಡೇ ಕಣ್ಣು. ಎಂಟರ ಜಾಗದಲ್ಲಿ ಹದಿನಾರು ಕೂಸು ತುಂಬಿಸಿದರೆ ಆದಾಯ ಹೆಚ್ಚಬಹುದು, ಆದರೆ ಪಲ್ಪರ್ ತೊಟ್ಟಿಯ ಕಥೆ ಅವರ ಮನೆಯ ಬಾವಿಕಟ್ಟೆಯಲ್ಲೇ ನಡೆಯುತ್ತದೆ. ಆದ್ದರಿಂದ ಈ ಕೆಲಸದಲ್ಲಿ ಆದಾಯ ಹೆಚ್ಚಿಸುವ ದಾರಿ ದರ ಒಂದೇ.

ದರ ಇಳಿಯುವುದಕ್ಕೆ ಕಣ್ಣಿಗೆ ಕಾಣದ ಇನ್ನೊಂದು ಬಾಗಿಲೂ ಇದೆ. ಅಡಿಕೆ ಸುಲಿತದ ಕಾಲದಲ್ಲಿ ತಾಯಂದಿರು ರಾತ್ರಿ ಎಂಟರವರೆಗೆ ಮೆಟ್ಟುಗತ್ತಿಯ ಮುಂದೆ ಕುಳಿತಿರುತ್ತಾರೆ. ಅಷ್ಟು ಹೊತ್ತೂ ಕೂಸು ದೊಡ್ಡಮ್ಮನ ಮನೆಯಲ್ಲೇ. ಹತ್ತು ಗಂಟೆಯ ಕೆಲಸ ಹನ್ನೆರಡೂವರೆ ಗಂಟೆಯಾದರೂ ಹಣ ಮಾತ್ರ ಅದೇ 40. ಸುಲಿದವಳಿಗೆ ಕಿಲೋ ಲೆಕ್ಕದಲ್ಲಿ ಹೆಚ್ಚುವರಿ ಸಿಗುತ್ತದೆ, ಮಂಡಿಯಲ್ಲಿ ನಮಗೆ ಸಿಗುತ್ತದೆ, ಕೂಸು ಮಲಗಿಸಿದವರಿಗೆ ಇಲ್ಲ.

ಸರಕಾರದ ಏರ್ಪಾಡುಗಳಿಲ್ಲವೇ ಎಂದು ಕೆಲವರು ಕೇಳಬಹುದು. 1951ರ ತೋಟ ಕಾರ್ಮಿಕರ ಕಾಯಿದೆ 50 ಅಥವಾ ಹೆಚ್ಚು ಹೆಣ್ಣಾಳುಗಳಿದ್ದ ತೋಟಗಳಲ್ಲಿ ಕೂಸುಗಳಿಗೆ ಕೋಣೆ, ನೋಡಿಕೊಳ್ಳಲು ಜನ ಇರಬೇಕೆಂದು ವಿಧಿಸಿತ್ತು. ಅದು ದೊಡ್ಡ ಎಸ್ಟೇಟುಗಳ ಮಾತಾಯಿತು. ದೇಶದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ 98ಕ್ಕೂ ಹೆಚ್ಚು 10 ಹೆಕ್ಟೇರಿಗಿಂತ ಚಿಕ್ಕವು. ನಮ್ಮಂಥವರ ಗೇಟಿನ ಒಳಗೆ ಆ ನಿಯಮ ಬರಲೇ ಇಲ್ಲ. 1975ರಲ್ಲಿ ಆರಂಭವಾದ ಅಂಗನವಾಡಿಯಿಂದ ಬಹಳ ಉಪಕಾರವಾಗಿದೆ, ಆದರೆ ಅಲ್ಲಿ ಹಗಲು ಕೂರುವುದು ಮೂರು ವರ್ಷ ತುಂಬಿದವು, ಅದೂ ಸಂಜೆಯವರೆಗೆ ಅಲ್ಲ. 2023ರಲ್ಲಿ ರಾಜ್ಯ ಸರಕಾರ ಗ್ರಾಮ ಪಂಚಾಯಿತಿಗಳಲ್ಲಿ ಆರಂಭಿಸಿದ ‘ಕೂಸಿನ ಮನೆ’ ಚಿಕ್ಕ ಮಕ್ಕಳಿಗಾಗಿಯೇ ಇರುವುದು, ಹತ್ತಿರವಿದ್ದವರು ಬಳಸಿಕೊಳ್ಳಲಿ. ನಮ್ಮ ಕೆಳಕೇರಿಗೆ ಮಾತ್ರ ದೊಡ್ಡಮ್ಮನ ಜಗಲಿಯೇ ಗತಿ.

ಆ ವಾರವೇ ಸಭೆ ಸೇರಿತು. ದೊಡ್ಡಮ್ಮ ಕೇಳಿದ್ದು 80 ರೂಪಾಯಿ. ಕೇಳಿದ್ದು ಹೆಚ್ಚಲ್ಲ, ಆದರೆ ಸುಗ್ಗಿಯ ನಡುವೆ ಒಂದೇ ಏಟಿಗೆ ಇಮ್ಮಡಿ ಎಂದರೆ ಎರಡು ಕೂಸಿರುವ ತಾಯಿ ದಿನಕ್ಕೆ 160 ಕೊಡಬೇಕು, ಅವಳು ಮನೆಯಲ್ಲೇ ಉಳಿಯುತ್ತಾಳೆ. ಆಗ ನಮ್ಮ ಲೆಕ್ಕಿಗರೊಬ್ಬರು ಹಿಂದಕ್ಕೆ ಗುಣಿಸಿ ತೋರಿಸಿದರು: 40ನ್ನು ವರ್ಷಕ್ಕೆ ನೂರಕ್ಕೆ ಆರರಂತೆ ಏರಿಸುತ್ತ ಬಂದಿದ್ದರೆ ಮೊದಲ ವರ್ಷ ಎರಡೂವರೆ ರೂಪಾಯಿ, ಕೊನೆಯ ವರ್ಷ ಮೂರೂವರೆ, ಏಳನೆಯ ವರ್ಷಕ್ಕೆ ಸರಿಯಾಗಿ 60 ಆಗಿರುತ್ತಿತ್ತು. ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ. ಅದನ್ನು ಕೇಳಿ ನಾವು ತಲೆ ತಗ್ಗಿಸಿದೆವು.

60ಕ್ಕೆ ಒಪ್ಪಂದವಾಯಿತು. ಅದರಲ್ಲಿ 45 ತಾಯಿಯದು, 15 ಆ ದಿನ ಆ ತಾಯಿ ದುಡಿದ ತೋಟದ ಮಾಲೀಕರದು. ಒಬ್ಬ ಸದಸ್ಯರು ಕೆರಳಿ, “ಕೂಲಿಯೂ ಕೊಟ್ಟು ಕೂಸಿನ ಹಾಲಿಗೂ ನಾವೇ ಕೊಡಬೇಕಾ?” ಎಂದರು. ನುರಿತ ಹೆಂಗಸೊಬ್ಬಳು ತುಂಬಿದ ಗಿಡದಲ್ಲಿ ದಿನಕ್ಕೆ 80 ಕಿಲೋ ಹಣ್ಣು ಕೊಯ್ದರೆ ಒಣಗಿ 35 ಕಿಲೋದಷ್ಟು ಚೆರ್ರಿ ಆಗುತ್ತದೆ. ಅವಳು ಬರದ ದಿನ ಅದು ಗಿಡದ ಬುಡದಲ್ಲಿ ಉದುರುತ್ತದೆ. 15 ರೂಪಾಯಿಗೆ ಅದಕ್ಕಿಂತ ಅಗ್ಗದ ಗೊಬ್ಬರ ಯಾವುದಿದೆ ಎಂದು ನಾವು ಕೇಳಿದೆವು. ಅವರು ಉತ್ತರ ಹೇಳಲಿಲ್ಲ, ಆದರೆ ಕೊಡುತ್ತಿದ್ದಾರೆ.

ತಿಂಗಳ ಲೆಕ್ಕದ ಇಬ್ಬರಿಗೆ 1,800 ಎಂದು ಹೇಳಲು ದೊಡ್ಡಮ್ಮನಿಗೆ ನಾಲಿಗೆ ಏಳಲಿಲ್ಲ; ನಾವೇ ಹೋಗಿ ಹೇಳಿದೆವು. ಶಾಲೆಯ ಮೇಡಮ್ಮು, “ಇಷ್ಟು ದಿನ ಯಾಕೆ ಕೇಳಲಿಲ್ಲ? ಪೇಟೆಯಲ್ಲಿ ಇದಕ್ಕಿಂತ ಎಷ್ಟೋ ಹೆಚ್ಚು” ಎಂದು ಮರುಮಾತಿಲ್ಲದೆ ಕೊಟ್ಟರು. ಇನ್ನೊಬ್ಬರು ಕೊಡಲಾರೆವೆಂದು ಕೂಸನ್ನು ತವರಿಗೆ ಬಿಟ್ಟರು. ದರ ಏರಿಸಿದರೆ ಎಲ್ಲರೂ ಉಳಿಯುತ್ತಾರೆಂದು ನಾವು ಹೇಳುವುದಿಲ್ಲ. ಆ ಜಾಗಕ್ಕೆ ಒಂದೂವರೆ ತಿಂಗಳಲ್ಲಿ ಬೇರೆ ಕೂಸು ಬಂದಿತು, ಹೊಸ ದರಕ್ಕೇ. ಮೂರು ತುಂಬಿದ ಕೂಸು ಅಂಗನವಾಡಿಗೆ ಹೋಗಿ ಜಾಗ ಖಾಲಿಯಾದಾಗಲೂ ಹೀಗೆಯೇ. ಹೊಸಬರಿಗೆ ಹೊಸ ದರ ಹೇಳುವುದು ಎಲ್ಲಕ್ಕಿಂತ ಸುಲಭ, ಹಳೆಯದು ಅವರಿಗೆ ಗೊತ್ತೇ ಇರುವುದಿಲ್ಲ.

ಮುಂದಿನ ಏರಿಕೆಗೆ ಕೇಳುವ ಸಂಕೋಚವೇ ಬೇಡವೆಂದು ಒಂದು ದಿನವನ್ನೇ ಗೊತ್ತುಮಾಡಿದೆವು. ಕನಿಷ್ಠ ಕೂಲಿಯ ತುಟ್ಟಿಭತ್ಯೆ ಬೆಲೆ ಸೂಚ್ಯಂಕದ ಮೇಲೆ ಪ್ರತಿ ಏಪ್ರಿಲ್ 1ರಿಂದ ಬದಲಾಗುವುದು ನಮಗೆಲ್ಲ ಗೊತ್ತು. ಅಂದು ಕೂಲಿ ನೂರಕ್ಕೆ ಎಷ್ಟು ಏರಿತೋ ದೊಡ್ಡಮ್ಮನ ದರವೂ ಅಷ್ಟೇ ಏರುತ್ತದೆ, ಚಿಲ್ಲರೆಯಾದರೆ ಮುಂದಿನ ಐದಕ್ಕೆ ಸೇರಿಸುವುದು. ಫೆಬ್ರುವರಿ ಮೊದಲ ವಾರದಲ್ಲೇ ತಾಯಂದಿರಿಗೆ ತಿಳಿಸುವುದು. ಐದೂವರೆಯ ನಂತರ ಗಂಟೆಗೆ 10 ರೂಪಾಯಿ, ಅದನ್ನು ಅಡಿಕೆ ಸುಲಿಸುವ ಮನೆಯವರೇ ಕೊಡತಕ್ಕದ್ದು. ಒಂದೇ ತಾಯಿಯ ಎರಡನೆಯ ಕೂಸಿಗೆ ಅರ್ಧ ದರ. ಹೇಳದೆ ಬಾರದ ದಿನಕ್ಕೂ ಅರ್ಧ. ಯಾಕೆಂದರೆ ಆ ಜಾಗವನ್ನು ಅವರು ಬೇರೆಯವರಿಗೆ ಕೊಟ್ಟಿರುವುದಿಲ್ಲ. ಈ ಕೊನೆಯದಕ್ಕೆ ತಾಯಂದಿರು ಬಹಳ ಗೊಣಗಿದರು, ಈಗಲೂ ಗೊಣಗುತ್ತಾರೆ.

2024ರ ಏಪ್ರಿಲಿನಲ್ಲಿ 65 ಆಯಿತು, 2025ರಲ್ಲಿ 70. ಯಾರೂ ಕಚೇರಿ ಬಾಗಿಲಿಗೆ ಬರಲಿಲ್ಲ, ಯಾರೂ ‘ಮುಂದಿನ ವರ್ಷ ನೋಡೋಣ’ ಎನ್ನಲಿಲ್ಲ. ಹಾಗೆಂದು ಎಲ್ಲ ಸರಿಹೋಯಿತೆಂದೂ ಅಲ್ಲ. ಈಗಿನ ಲೆಕ್ಕದಲ್ಲಿ ದೊಡ್ಡಮ್ಮನಿಗೆ ಉಳಿಯುವುದು 285, ನಮ್ಮ ಹೆಣ್ಣಾಳಿನ ದಿನಗೂಲಿ 450. ರೂಪಾಯಿಗೆ 63 ಪೈಸೆ. 2016ರ 70 ಪೈಸೆಗೆ ಇನ್ನೂ ಬಂದಿಲ್ಲ. ಸೂಚ್ಯಂಕ ಹಿಡಿದು ನಡೆದರೆ ಇದ್ದಲ್ಲೇ ಇರಬಹುದು, ಕಳೆದುಹೋದ ಏಳು ವರ್ಷ ತುಂಬುವುದಿಲ್ಲ. ಮಾಲೀಕರ ಪಾಲನ್ನು 15ರಿಂದ 20ಕ್ಕೆ ಏರಿಸಿ ಆ ಅಂತರ ಮುಚ್ಚಬೇಕೆಂದು ಬರುವ ಮಹಾಸಭೆಯಲ್ಲಿ ನಾವು ಸೂಚನೆ ಮಂಡಿಸಲಿದ್ದೇವೆ. ವಿರೋಧಿಸುವವರು ಮೊದಲು ಒಂದು ದಿನ ಬೆಳಿಗ್ಗೆ ಏಳೂವರೆಯಿಂದ ಸಂಜೆ ಐದೂವರೆವರೆಗೆ ಆ ಜಗಲಿಯಲ್ಲಿ ಕುಳಿತು ಬರಬೇಕೆಂದು ವಿನಂತಿ. ಗಂಜಿ ದೊಡ್ಡಮ್ಮ ಕೊಡುತ್ತಾರೆ.

ತಮ್ಮ ಊರುಗಳಲ್ಲೂ ಇಂಥ ಮನೆ ಇರುವ ಸದಸ್ಯರಿಗಾಗಿ ನಮ್ಮ ಕರಾರಿನ ನಮೂನೆಯನ್ನು ಒಂದು ಪುಟದಲ್ಲಿ ಬರೆಸಿ ಸಂಘದ ಕಚೇರಿಯಲ್ಲಿ ಇಟ್ಟಿದ್ದೇವೆ. ಗೊಬ್ಬರದ ಬಿಲ್ಲಿಗೆ ಬಂದಾಗ ಕೇಳಿ ಪಡೆಯಬಹುದು.