ಪೈಪಿನ ಬಾಯಿ ಎಷ್ಟು ಅಗಲವಿರಬೇಕು?

ಮರಗೆಲಸದ ಅಂಗಡಿಗೆ ದೂಳು ಹೀರುವ ಯಂತ್ರ ಕೊಳ್ಳಲು ಹೊರಟವರು ಮೊದಲು ಕೇಳುವುದು ಅದು ಎಷ್ಟು ವ್ಯಾಟಿನದು ಎಂದು. ಯಂತ್ರದ ಜೊತೆ ಸುರುಳಿ ಸುತ್ತಿಕೊಂಡು ಬರುವ ಪೈಪನ್ನು ಅಳೆದು ನೋಡುವವರು ಕಡಿಮೆ. ಆದರೆ ಸ್ಯಾಂಡರ್‌ನ ಅಡಿಯಲ್ಲಿ ಏಳುವ ದೂಳು ಚೀಲ ಸೇರುತ್ತದೋ, ಕೆಲಸಗಾರನ ಮೂಗು ಸೇರುತ್ತದೋ ಎಂಬುದು ಮೋಟರಿನಷ್ಟೇ ಪೈಪನ್ನೂ ಅವಲಂಬಿಸಿದೆ. ಇದನ್ನು ಸಣ್ಣ ವಿಷಯವೆಂದು ತಳ್ಳಿಹಾಕುವಂತಿಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮರದ ದೂಳನ್ನು ಮನುಷ್ಯರಿಗೆ ಖಚಿತವಾಗಿ ಕ್ಯಾನ್ಸರ್ ತರುವ ವಸ್ತುಗಳ ಗುಂಪಿಗೆ ಸೇರಿಸಿತು. ಮೂಗಿನ ಒಳಭಾಗ ಮತ್ತು ಸೈನಸ್‌ಗಳ ಕ್ಯಾನ್ಸರಿಗೂ ಈ ದೂಳಿಗೂ ನಂಟು ಇರುವುದು ಸಾಬೀತಾಗಿದೆ. ಅದಕ್ಕೂ ಎಷ್ಟೋ ಮೊದಲು, ನಮ್ಮ 1948ರ ಕಾರ್ಖಾನೆಗಳ ಕಾಯ್ದೆಯ 14ನೇ ಸೆಕ್ಷನ್, ದೂಳು ಹೀರುವ ಸಾಧನವನ್ನು ದೂಳು ಹುಟ್ಟುವ ಜಾಗಕ್ಕೆ ಸಾಧ್ಯವಾದಷ್ಟು ಹತ್ತಿರ ಅಳವಡಿಸಬೇಕು ಎಂದು ಹೇಳಿತ್ತು. ಕೈಯಲ್ಲಿ ಹಿಡಿಯುವ ಯಂತ್ರಗಳ ಮಟ್ಟಿಗೆ ಆ ಹತ್ತಿರವನ್ನು ಸಾಧಿಸಿಕೊಡುವುದು ಪೈಪು. ಆದ್ದರಿಂದ ಆಯ್ಕೆ ಶುರುವಾಗಬೇಕಾದದ್ದು ಹೀರುವ ಯಂತ್ರದ ಕಡೆಯಿಂದಲ್ಲ, ಕೆಲಸ ಮಾಡುವ ಉಪಕರಣದ ಕಡೆಯಿಂದ ಎಂಬುದು ನನ್ನ ವಾದ.

ಕೈಯಂತ್ರಗಳಿಗೆ ಹೆಚ್ಚಾಗಿ ಸಿಗುವ ಎರಡು ಅಳತೆಗಳನ್ನೇ ನೋಡೋಣ: 27 ಮಿ.ಮೀ. ಮತ್ತು 36 ಮಿ.ಮೀ. ಕಣ್ಣಿಗೆ ಒಂಬತ್ತೇ ಮಿಲಿಮೀಟರಿನ ವ್ಯತ್ಯಾಸ. ಆದರೆ ಗಾಳಿ ಹಾಯುವ ವಿಸ್ತೀರ್ಣ ಎರಡನೆಯದರಲ್ಲಿ ಸುಮಾರು 1.8 ಪಟ್ಟು. ಒತ್ತಡದ ಲೆಕ್ಕ ಇನ್ನೂ ಕಟುವಾದದ್ದು. ಅಷ್ಟೇ ಉದ್ದದಲ್ಲಿ ಅಷ್ಟೇ ಗಾಳಿಯನ್ನು ಎಳೆಯಲು ಸಣ್ಣ ಪೈಪು ದೊಡ್ಡದಕ್ಕಿಂತ ಸುಮಾರು ನಾಲ್ಕು ಪಟ್ಟು ಒತ್ತಡ ತಿನ್ನುತ್ತದೆ. ಉದ್ದ ಎರಡರಷ್ಟಾದರೆ ಈ ನಷ್ಟವೂ ಎರಡರಷ್ಟಾಗುತ್ತದೆ. ಒಳಗೋಡೆ ನುಣುಪಾಗಿರದೆ ಬಳೆಬಳೆಯಾಗಿದ್ದರೆ ಪ್ರತಿ ಬಳೆಯೂ ಗಾಳಿಯನ್ನು ತಡೆಯುತ್ತದೆ. ಮೂಲೆಯಲ್ಲಿಟ್ಟ ಯಂತ್ರದಿಂದ ಇಡೀ ಅಂಗಡಿಗೆ ಎಟುಕಲಿ ಎಂದು ಹತ್ತು ಮೀಟರ್ ತೆಳು ಪೈಪು ಜೋಡಿಸಿದವರು, ದುಡ್ಡು ಕೊಟ್ಟು ತಂದ ಮೋಟರಿನ ಶಕ್ತಿಯ ದೊಡ್ಡ ಪಾಲನ್ನು ಪೈಪಿನ ಗೋಡೆಗೇ ಉಜ್ಜಿ ಕಳೆಯುತ್ತಾರೆ.

ಹಾಗಾದರೆ ಸಿಕ್ಕಷ್ಟು ದಪ್ಪದ ಪೈಪನ್ನೇ ಹಾಕಿದರಾಯಿತಲ್ಲ ಎಂದು ಕೇಳಬಹುದು. ಅಲ್ಲಿಯೂ ಎಡವುತ್ತೇವೆ. ಮರದ ಹೊಟ್ಟು ಪೈಪಿನಲ್ಲಿ ಕೂರದೆ ಸಾಗಬೇಕಾದರೆ ಗಾಳಿ ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ ಹರಿಯಬೇಕು. 36 ಮಿ.ಮೀ. ಪೈಪಿನಲ್ಲಿ ಈ ವೇಗಕ್ಕೆ ಗಂಟೆಗೆ ಸುಮಾರು 73 ಘನ ಮೀಟರ್ ಗಾಳಿ ಸಾಕು, 100 ಮಿ.ಮೀ. ಪೈಪಿಗೆ 565 ಘನ ಮೀಟರ್ ಬೇಕು. ವ್ಯಾಕ್ಯೂಮ್ ಕ್ಲೀನರ್ ಮಾದರಿಯ ಯಂತ್ರದ ಎಳೆತ ಜೋರಾಗಿದ್ದರೂ ಅದು ಎಳೆಯುವ ಗಾಳಿಯ ಪ್ರಮಾಣ ಕಡಿಮೆ. ಕಾಲುವೆ ಅಗಲವಾದಲ್ಲಿ ನೀರು ನಿಧಾನಿಸಿ ಹೂಳು ಕೂರುವಂತೆ, ಅದಕ್ಕೆ ಸಿಕ್ಕಿಸಿದ ದಪ್ಪ ಪೈಪಿನಲ್ಲಿ ಹೊಟ್ಟು ತಗ್ಗಿನಲ್ಲೆಲ್ಲ ಕೂತು ಕಟ್ಟಿಕೊಳ್ಳುತ್ತದೆ. ದೊಡ್ಡ ಫ್ಯಾನಿನ ಡಸ್ಟ್ ಕಲೆಕ್ಟರ್ ಇದಕ್ಕೆ ತದ್ವಿರುದ್ಧ: ಗಾಳಿ ಹೇರಳ, ಎಳೆತ ಕಡಿಮೆ. ಅದಕ್ಕೆ ತೆಳು ಪೈಪು ಕಟ್ಟಿದರೆ ಅದು ಉಸಿರುಗಟ್ಟಿದಂತೆ ನಿಂತುಬಿಡುತ್ತದೆ.

ಉಪಕರಣದ ಕಡೆಯಿಂದ ನೋಡಿದರೆ ಈ ಗೊಂದಲ ಬಹುಪಾಲು ತಿಳಿಯಾಗುತ್ತದೆ. ಸ್ಯಾಂಡರ್ ಉದುರಿಸುವುದು ನುಣ್ಣನೆಯ ಪುಡಿ. ಅದರ ಪ್ಯಾಡಿನ ತೂತುಗಳಿಗೆ ಬೇಕಾದ ಗಾಳಿಯೂ ಸ್ವಲ್ಪ. ಅತಿಯಾಗಿ ಎಳೆದರೆ ಪ್ಯಾಡು ಹಲಗೆಗೆ ಕಚ್ಚಿಕೊಂಡು ಸುರುಳಿ ಗೀರುಗಳು ಬೀಳುತ್ತವೆ. ಇಲ್ಲಿ 27 ಮಿ.ಮೀ.ನ ಹಗುರ, ಮೆತ್ತನೆಯ ಪೈಪೇ ಸರಿ. ರೌಟರ್ ಮತ್ತು ಸರ್ಕ್ಯುಲರ್ ಗರಗಸ ಒಮ್ಮೆಲೇ ಹೊಟ್ಟು ಎರಚುತ್ತವೆ; ಅವಕ್ಕೆ 36 ಮಿ.ಮೀ. ಬೇಕು. ಪ್ಲೇನರ್‌ನ ಉದ್ದ ಸಿಪ್ಪೆಗಳು ತೆಳು ಪೈಪಿನ ತಿರುವಿನಲ್ಲಿ ಅಡ್ಡ ಕೂತು ಗೂಡು ಕಟ್ಟುವುದರಿಂದ ಅದಕ್ಕೆ ಇನ್ನೂ ಅಗಲವಾದದ್ದು ಒಳ್ಳೆಯದು. ಲೆಕ್ಕದಲ್ಲಿ ಕಾಣದ ಇನ್ನೊಂದು ಗುಣವೂ ಇದೆ, ಅದನ್ನು ನಾನು ಎಲ್ಲಕ್ಕಿಂತ ಮೇಲೆ ಇಡುತ್ತೇನೆ. ಪೈಪು ಭಾರವಾಗಿ, ಸೆಟೆದು, ಹಲಗೆಯ ಅಂಚಿಗೆ ಸಿಕ್ಕಿಕೊಂಡು ಕೈಯನ್ನು ಎಳೆಯುತ್ತಿದ್ದರೆ ಕೆಲಸಗಾರ ಮಧ್ಯಾಹ್ನದೊಳಗೆ ಅದನ್ನು ಕಿತ್ತಿಡುತ್ತಾನೆ. ತುದಿಯ ತೋಳು ತಾನೇ ತಿರುಗುವಂತಿದ್ದರೆ ಪೈಪು ಮುರುಚಿಕೊಳ್ಳದೆ ದಿನವಿಡೀ ಉಪಕರಣದಲ್ಲೇ ಇರುತ್ತದೆ.

ಮಾಸ್ಕ್ ಇರುವಾಗ ಇಷ್ಟೆಲ್ಲ ಏಕೆ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಮಾಸ್ಕ್ ಬೇಕೇ ಬೇಕು. ಆದರೆ ಯಂತ್ರ ನಿಂತೊಡನೆ ಅದು ಕುತ್ತಿಗೆಗೆ ಇಳಿಯುತ್ತದೆ, ಕಣ್ಣಿಗೆ ಕಾಣದ ಸಣ್ಣ ಕಣಗಳು ಮಾತ್ರ ಗಂಟೆಗಟ್ಟಲೆ ಗಾಳಿಯಲ್ಲೇ ತೇಲುತ್ತಿರುತ್ತವೆ. ಪಕ್ಕದಲ್ಲಿ ಮೈಕಾ ಅಂಟಿಸುತ್ತ ಕೂತವನಿಗೆ ಮಾಸ್ಕೂ ಇರುವುದಿಲ್ಲ. ಖರ್ಚಿನ ಮಾತು ಹೆಚ್ಚು ನ್ಯಾಯವಾದದ್ದು, ಏಕೆಂದರೆ ಒಳ್ಳೆಯ ಪೈಪು ಅಗ್ಗವಲ್ಲ. ಹಾಗಿದ್ದರೂ ಇನ್ನೂ ದೊಡ್ಡ ಮೋಟರಿಗೆ ಹಣ ಸುರಿಯುವ ಮೊದಲು ಇರುವ ಪೈಪನ್ನು ಮೋಟು ಮಾಡಿ, ಸಂದುಗಳನ್ನು ಬಿಗಿ ಮಾಡುವುದು ಹೆಚ್ಚು ಫಲ ಕೊಡುತ್ತದೆ. ಅಳತೆ ಹೊಂದದ ಬಾಯಿಗೆ ಇನ್ಸುಲೇಷನ್ ಟೇಪ್ ಸುತ್ತಿದ ಕಡೆಯೆಲ್ಲ ಅಂಗಡಿಯ ಗಾಳಿ ಒಳನುಗ್ಗಿ ಉಪಕರಣದ ತುದಿಯ ಎಳೆತವನ್ನು ಕದಿಯುತ್ತದೆ. ಕೊಳ್ಳುವಾಗ ಹೇಳಿದ ಅಳತೆ ಒಳವ್ಯಾಸವೋ ಹೊರವ್ಯಾಸವೋ ಎಂದು ಕೇಳಿ, ಉಪಕರಣದ ದೂಳಿನ ಬಾಯಿಯನ್ನು ಕ್ಯಾಲಿಪರ್‌ನಲ್ಲಿ ಅಳೆದುಕೊಂಡು ಹೋದರೆ ಈ ತೊಂದರೆ ಹುಟ್ಟುವುದೇ ಇಲ್ಲ.

ಆಂಟಿಸ್ಟ್ಯಾಟಿಕ್ ಪೈಪಿನ ವಿಷಯಕ್ಕೂ ಇದೇ ಎಚ್ಚರ ಬೇಕು. ಒಣ ದೂಳು ಪ್ಲಾಸ್ಟಿಕ್ಕಿಗೆ ಉಜ್ಜುತ್ತ ಹರಿದಾಗ ಸ್ಥಿರ ವಿದ್ಯುತ್ ಸೇರಿ ಕೈಗೆ ಚುರುಕ್ಕೆನ್ನುತ್ತದೆ, ಪುಡಿ ಗೋಡೆಗೆ ಅಂಟುತ್ತದೆ. ಆಂಟಿಸ್ಟ್ಯಾಟಿಕ್ ಪೈಪು ಆ ವಿದ್ಯುತ್ತನ್ನು ಹೀರುವ ಯಂತ್ರದ ಮೂಲಕ ನೆಲಕ್ಕಿಳಿಸುತ್ತದೆ. ಯಂತ್ರದ ಬಾಯಿಯೇ ಸಾಮಾನ್ಯ ಪ್ಲಾಸ್ಟಿಕ್ಕಿನದಾಗಿದ್ದರೆ, ಇಲ್ಲವೇ ಮೂರು ಪಿನ್ನಿನ ಪ್ಲಗ್ಗನ್ನು ಅರ್ತಿಂಗ್ ಇಲ್ಲದ ಸಾಕೆಟ್ಟಿಗೆ ಹೇಗೋ ಸಿಕ್ಕಿಸಿದ್ದರೆ, ಅದಕ್ಕೆ ಇಳಿಯುವ ದಾರಿಯೇ ಇಲ್ಲ. ಆ ಪೈಪಿಗೆ ಹೆಚ್ಚಿನ ಬೆಲೆ ಕೊಡುವ ಮೊದಲು ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಅಂಗಡಿಯ ಅರ್ತಿಂಗ್ ಪರೀಕ್ಷಿಸಬೇಕು.